ಸೂಜಿಮೊನೆಯ ಇತಿಹಾಸ: ಅಕ್ಯುಪಂಕ್ಚರ್ ಮತ್ತು ನಮ್ಮ ಚಾಮರಾಜನಗರ



ಮಳೆಗಾಲದ ದಿನಗಳಲ್ಲಿ ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ನೀವು ಪ್ರಯಾಣ ಮಾಡಿದ್ದರೆ, ರಸ್ತೆಯ ಬದಿಯ ಹೊಲಗಳಲ್ಲಿ ಹಳದಿ ಮತ್ತು ಕಿತ್ತಳೆ ಬಣ್ಣದ ಚೆಂಡುಹೂವುಗಳನ್ನು ನೋಡಿಯೇ ಇರುತ್ತೀರಿ. ಊಟಿಗೆ ಹೋಗುವ ಪ್ರವಾಸಿಗರು ವಾಹನ ನಿಲ್ಲಿಸಿ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹೂವನ್ನು ನೋಡಿದವರಲ್ಲಿ ಹೆಚ್ಚಿನವರು ಹೂ ಬಿಡಿಸುವವರ ಬೆನ್ನನ್ನು ಗಮನಿಸಿರುವುದಿಲ್ಲ. ಬೆಳಗಿನಿಂದ ಬಗ್ಗಿ ದುಡಿಯುವ ಆ ಬೆನ್ನುಗಳಿಂದಲೇ ಈ ಲೇಖನ ಹುಟ್ಟಿದ್ದು.

ಆರೋಗ್ಯದ ಬಗೆಗಿನ ಒಂದು ಮಾತುಕತೆಯ ಚಿತ್ರೀಕರಣಕ್ಕೆ ನಾವು ಗುಂಡ್ಲುಪೇಟೆಗೆ ಹೋಗಿದ್ದಾಗ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಎರಡು ಪ್ರಶ್ನೆ ಕೇಳಿದಳು. ‘ಅಕ್ಯುಪಂಕ್ಚರ್‌ನಲ್ಲಿ ಸೂಜಿ ಚುಚ್ಚುತ್ತಾರೆ. ಚುಚ್ಚಿದರೆ ನೋವು ಹೆಚ್ಚಾಗಬೇಕಲ್ಲವೇ, ಕಡಿಮೆಯಾಗುವುದು ಹೇಗೆ?’ ಇದು ಮೊದಲನೆಯದು. ‘ನಮ್ಮ ತಾಯಿ ಹೂ ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ವರ್ಷಗಳಿಂದ ಸೊಂಟನೋವು. ಚುಚ್ಚಿಸಬಹುದೇ?’ ಇದು ಎರಡನೆಯದು. ಅಂದು ಸಮಯ ಮುಗಿಯುತ್ತಾ ಬಂದಿತ್ತು. ತಜ್ಞರು ಎರಡು ವಾಕ್ಯಗಳಲ್ಲಿ ಉತ್ತರ ಹೇಳಿ ಮುಗಿಸಬೇಕಾಯಿತು. ಕ್ಯಾಮೆರಾದ ಹಿಂದೆ ನಿಂತಿದ್ದ ನನಗೆ ಆ ಉತ್ತರ ಅವಳಿಗೆ ಸಾಲಲಿಲ್ಲವೆಂದು ಮುಖ ನೋಡಿದಾಗಲೇ ತಿಳಿಯಿತು. ಅಂದು ಹೇಳದೆ ಉಳಿದುದನ್ನು ಇಲ್ಲಿ ಹೇಳುತ್ತಿದ್ದೇನೆ.

ಒಂದು ಮಾತನ್ನು ಆರಂಭದಲ್ಲೇ ಗಮನಿಸಿ. ಒಂದು ಚಿಕಿತ್ಸೆ ‘ಹೇಗೆ ಕೆಲಸ ಮಾಡುತ್ತದೆ’ ಎಂಬುದು ಒಂದು ಪ್ರಶ್ನೆ. ಅದು ‘ನಿಜವಾಗಿಯೂ ಕೆಲಸ ಮಾಡುತ್ತದೆಯೇ, ಯಾವುದಕ್ಕೆ’ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಬೆರೆಸಿದಾಗಲೇ ನಾವು ಮೋಸಹೋಗುತ್ತೇವೆ. ಈ ವ್ಯತ್ಯಾಸವನ್ನು ಕಲಿಯಲು ಚೀನಾದವರೆಗೆ ಹೋಗಬೇಕಾಗಿಲ್ಲ. ಚರ್ಮಕ್ಕೆ ಚುಚ್ಚುವ ಮೊನೆಯನ್ನು ನಂಬಬೇಕೇ ಬೇಡವೇ ಎಂಬ ಚರ್ಚೆ ಮೈಸೂರು ಸೀಮೆಗೆ ಹೊಸದಲ್ಲ. ಆ ಕಥೆ ಚಾಮರಾಜನಗರ ಎಂಬ ಹೆಸರಿನಲ್ಲೇ ಅಡಗಿದೆ.

ಊರಿನ ಹೆಸರಿನೊಳಗಿನ ಕಥೆ

ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವಿದೆ. ಚಿಕ್ಕದೇವರಾಜ ಒಡೆಯರು ಅದನ್ನು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದರು. ಚಾಮರಾಜನಗರವೂ ಹೀಗೆಯೇ ಒಬ್ಬ ಮಗ ತಂದೆಗೆ ಸಲ್ಲಿಸಿದ ಕಾಣಿಕೆ. ಈ ಊರಿನ ಹಳೆಯ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು 1774ರಲ್ಲಿ ಇಲ್ಲಿ ಹುಟ್ಟಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆ ಹುಟ್ಟಿದ ಸ್ಥಳದಲ್ಲಿ ಜನನ ಮಂಟಪವೂ ಇದೆ. ಇಷ್ಟು ನಿಮ್ಮಲ್ಲಿ ಅನೇಕರಿಗೆ ತಿಳಿದದ್ದೇ.

ಆದರೆ ಆ ತಂದೆ ಸತ್ತದ್ದು ಹೇಗೆ? 1796ರ ಏಪ್ರಿಲ್ ತಿಂಗಳಲ್ಲಿ, ಸಿಡುಬಿನಿಂದ. ಆಗ ಅವರ ವಯಸ್ಸು ಕೇವಲ 22. ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಮ್ಮ ಜನ ಸಿಡುಬನ್ನು ರೋಗವೆಂದೂ ಕರೆಯಲು ಅಂಜಿ ‘ಅಮ್ಮ’ ಎಂದರು, ‘ದೇವಿ’ ಎಂದರು. ಬೇವಿನ ಸೊಪ್ಪು ಕಟ್ಟಿ ಮಾರಮ್ಮನಿಗೆ ತಂಪು ಮಾಡಿದರು. ಅರಮನೆಯೆಂದೋ ಗುಡಿಸಲೆಂದೋ ಆ ರೋಗ ಭೇದ ಮಾಡಲಿಲ್ಲ.

ಈಗ ಇನ್ನೊಂದು ದಿನಾಂಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದೇ 1796ರ ಮೇ 14ರಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿನ ಚರ್ಮವನ್ನು ಗೀರಿ, ಹಾಲು ಕರೆಯುವ ಹೆಂಗಸೊಬ್ಬಳ ಕೈಯ ಗೋಸಿಡುಬಿನ ಗುಳ್ಳೆಯ ರಸವನ್ನು ಅದಕ್ಕೆ ಸವರಿದ. ಜುಲೈ ತಿಂಗಳಲ್ಲಿ ಅದೇ ಹುಡುಗನಿಗೆ ಸಿಡುಬಿನ ಕೀವನ್ನೇ ಚುಚ್ಚಿ ಪರೀಕ್ಷಿಸಿದ. ಹುಡುಗನಿಗೆ ಸಿಡುಬು ಬರಲಿಲ್ಲ. ಇಂದಿನ ನೀತಿಯ ಪ್ರಕಾರ ಇಂಥ ಪ್ರಯೋಗಕ್ಕೆ ಯಾರೂ ಒಪ್ಪಲಾರರು. ಆದರೂ ಲಸಿಕೆಯ ಯುಗ ಆರಂಭವಾದದ್ದು ಆ ಗೀರಿನಿಂದ. ಅರಿಕುಠಾರದಲ್ಲಿ ಹುಟ್ಟಿದ ರಾಜ ತೀರಿಕೊಂಡು ಆಗ ಒಂದು ತಿಂಗಳೂ ಆಗಿರಲಿಲ್ಲ.

ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ. ಆಗ ಶೀತಲಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ, ಅಲ್ಲಿಂದ ಮತ್ತೊಬ್ಬರ ತೋಳಿಗೆ ರಸವನ್ನು ದಾಟಿಸುತ್ತಾ ಊರಿಂದೂರಿಗೆ ಲಸಿಕೆಯನ್ನು ಒಯ್ಯಬೇಕಿತ್ತು. ಯಾರದೋ ಮೈಯ ರಸ ತಮ್ಮ ಮೈಗೆ ಸೇರುವುದೆಂದರೆ ಜಾತಿ, ಮಡಿಗಳ ಸಮಾಜ ಎಷ್ಟು ಹಿಂಜರಿದಿರಬೇಕೆಂದು ನೀವೇ ಊಹಿಸಿ.

ಮೈಸೂರು ಅರಮನೆ ಈ ಹಿಂಜರಿಕೆಗೆ ಉತ್ತರ ಕೊಟ್ಟಿತೆಂದು ತೋರುವ ಒಂದು ವರ್ಣಚಿತ್ರವಿದೆ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದ ಚಿತ್ರ ಅದು. ಅದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಲಗಡೆ ನಿಂತ ಕಿರಿಯಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವಂತಿದೆ. ಇವರು ನರ್ತಕಿಯರಿರಬೇಕೆಂದು ಬಹುಕಾಲ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ ಬೇರೆ. ಇವರು ಮೈಸೂರು ರಾಜಮನೆತನದವರು. ಕಿರಿಯಳು ಬಾಲಕ ಮುಮ್ಮಡಿ ಕೃಷ್ಣರಾಜರ ವಧು ದೇವಾಜಮ್ಮಣ್ಣಿ. ಅವಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂದು ಅವರು ವಾದಿಸಿದ್ದಾರೆ. ಎಡಗಡೆಯ ಸ್ತ್ರೀಯ ಮೂಗು ಬಾಯಿಗಳ ಸುತ್ತ ಕಾಣುವ ಬಣ್ಣಗೆಟ್ಟ ಚರ್ಮ, ಅದಕ್ಕೂ ಹಿಂದಿನ ಪದ್ಧತಿಯಾದ ಸಿಡುಬಿನ ಕೀವನ್ನೇ ಕೊಡುವ ಕ್ರಮದ ಗುರುತು ಎಂದೂ ಅವರು ಹೇಳುತ್ತಾರೆ. ಈ ಓದು ಸರಿಯಾದರೆ, ಸಿಡುಬಿನಿಂದ ತಂದೆಯನ್ನು ಕಳೆದುಕೊಂಡ ಬಾಲರಾಜನ ಮನೆಯವರು ಒಂದು ಗೀರನ್ನು ನಂಬಿ, ಆ ನಂಬಿಕೆಯನ್ನು ಜನರಿಗೆ ತೋರಿಸಿದರು ಎಂದಾಯಿತು.

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿರಲಿ. ಲಸಿಕೆ ಕೆಲಸ ಮಾಡುತ್ತದೆಂದು ಜೆನ್ನರ್‌ಗೆ ಗೊತ್ತಿತ್ತು, ಹೇಗೆಂಬುದು ಗೊತ್ತಿರಲಿಲ್ಲ. ವೈರಸ್ ಎಂಬುದೊಂದು ಇದೆಯೆಂದು ವಿಜ್ಞಾನಿಗಳಿಗೆ ತಿಳಿದುಬಂದದ್ದು ಸುಮಾರು ನೂರು ವರ್ಷಗಳ ನಂತರ, 1890ರ ದಶಕದಲ್ಲಿ. ಅಂದರೆ ಈ ಮೊನೆಯ ಕಥೆಯಲ್ಲಿ ಫಲಿತಾಂಶ ಮೊದಲು ಬಂತು, ವಿವರಣೆ ಆಮೇಲೆ ಬಂತು. ಅಕ್ಯುಪಂಕ್ಚರ್ ಸೂಜಿಯ ಕಥೆ ಇದಕ್ಕೆ ತಿರುಗುಮುರುಗು.

ಚೀನಾದ ಸೂಜಿ

ಅಕ್ಯುಪಂಕ್ಚರ್ ಎಂಬ ಹೆಸರು ಚೀನೀ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಆಕುಸ್’ ಎಂದರೆ ಸೂಜಿ, ‘ಪಂಕ್ಚುರಾ’ ಎಂದರೆ ಚುಚ್ಚುವಿಕೆ. ಜಪಾನಿನಲ್ಲಿದ್ದ ವಿಲ್ಲೆಮ್ ಟೆನ್ ರೈನ್ ಎಂಬ ಡಚ್ ವೈದ್ಯ 1683ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಹೆಸರು ಯೂರೋಪಿನಲ್ಲಿ ಬಳಕೆಗೆ ಬಂತು.

ಪದ್ಧತಿ ಮಾತ್ರ ಬಹಳ ಹಳೆಯದು. ಚೀನಾದ ಮಾವಾಂಗ್‌ಡುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ ದೇಹದೊಳಗಿನ ಹರಿವಿನ ದಾರಿಗಳ ವರ್ಣನೆಯಿದೆ, ಚರ್ಮದ ಮೇಲೆ ಮೂಲಿಕೆಯನ್ನು ಸುಡುವ ಚಿಕಿತ್ಸೆಯಿದೆ. ಸೂಜಿ ಮಾತ್ರ ಇಲ್ಲ. ಸೂಜಿಯ ಚಿಕಿತ್ಸೆಯನ್ನು ವಿಸ್ತಾರವಾಗಿ ಹೇಳುವುದು ಅದರ ಆಸುಪಾಸಿನ ಶತಮಾನಗಳಲ್ಲಿ ಸಂಕಲನಗೊಂಡ ‘ಹಳದಿ ಚಕ್ರವರ್ತಿಯ ಒಳಗ್ರಂಥ’. ಅಕ್ಯುಪಂಕ್ಚರ್ ಐದು ಸಾವಿರ ವರ್ಷದಷ್ಟು ಹಳೆಯದೆಂದು ಜಾಹೀರಾತುಗಳಲ್ಲಿ ಓದಿದಾಗ ಈ ಸಮಾಧಿಯನ್ನು ನೆನಪಿಸಿಕೊಳ್ಳಿ. ಎರಡು ಸಾವಿರ ವರ್ಷವೆಂದರೂ ಅದೇನು ಸಣ್ಣ ಇತಿಹಾಸವಲ್ಲ.

ಆ ಗ್ರಂಥದ ಪ್ರಕಾರ ದೇಹದಲ್ಲಿ ‘ಚಿ’ ಎಂಬ ಜೀವಶಕ್ತಿ ಹರಿಯುತ್ತದೆ. ಹರಿಯಲು ದಾರಿಗಳಿವೆ. ದಾರಿ ಕಟ್ಟಿಕೊಂಡರೆ ರೋಗ. ದಾರಿಯ ಮೇಲಿನ ನಿರ್ದಿಷ್ಟ ಬಿಂದುವಿಗೆ ಸೂಜಿ ಚುಚ್ಚಿದರೆ ಕಟ್ಟು ಬಿಡುತ್ತದೆ. ಇಡಾ, ಪಿಂಗಳಾ, ಸುಷುಮ್ನಾ ಎಂಬ ಹೆಸರುಗಳನ್ನು ಕೇಳಿ ಬೆಳೆದ ನಮಗೆ ಈ ಕಲ್ಪನೆ ಅಪರಿಚಿತವಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ನಿಲ್ಲುತ್ತದೆ, ಹೂಳೆತ್ತಿದರೆ ಹರಿಯುತ್ತದೆ ಎಂದು ತಿಳಿದ ರೈತ ಸಮಾಜದ ಉಪಮೆ ಇದು. ಬಿಂದುಗಳ ಸಂಖ್ಯೆ ಬೆಳೆಯುತ್ತಾ ಹೋಗಿ ಇಂದು 361 ಎಂದು ನಿಗದಿಯಾಗಿದೆ.

1027ರಲ್ಲಿ ಸೊಂಗ್ ರಾಜವಂಶದ ಆಸ್ಥಾನ ವೈದ್ಯ ವಾಂಗ್ ವೆಯಿಯಿ ಮನುಷ್ಯಾಕಾರದ ಕಂಚಿನ ಪ್ರತಿಮೆಗಳನ್ನು ಮಾಡಿಸಿದ. ಬಿಂದುಗಳಿರುವಲ್ಲಿ ಸಣ್ಣ ರಂಧ್ರಗಳು. ಪರೀಕ್ಷೆಯ ದಿನ ಮೇಲೆ ಮೇಣ ಬಳಿದು ಒಳಗೆ ದ್ರವ ತುಂಬುತ್ತಿದ್ದರಂತೆ. ಶಿಷ್ಯ ಸರಿಯಾದ ಜಾಗಕ್ಕೆ ಚುಚ್ಚಿದರೆ ದ್ರವ ಹೊರಬರಬೇಕು. ಇಂಥ ಪ್ರಾಯೋಗಿಕ ಪರೀಕ್ಷೆ ಇಂದಿನ ವಿದ್ಯಾರ್ಥಿಗಳಿಗೂ ಇಷ್ಟವಾದೀತು. ಆದರೆ ಯೋಚಿಸಿ. ಈ ಪರೀಕ್ಷೆ ಅಳೆದದ್ದು ಶಿಷ್ಯನಿಗೆ ಬಿಂದುವಿನ ಜಾಗ ನೆನಪಿದೆಯೇ ಎಂಬುದನ್ನು. ಆ ಬಿಂದುವಿಗೆ ಚುಚ್ಚಿದರೆ ರೋಗಿ ಗುಣವಾಗುತ್ತಾನೆಯೇ ಎಂಬುದನ್ನಲ್ಲ. ಹೀಗೆ ಚೀನಾದ ಸೂಜಿಗೆ ಎರಡು ಸಾವಿರ ವರ್ಷಗಳ ಕಾಲ ವಿವರಣೆ ಇತ್ತು, ಸರಿಯಾದ ಪರೀಕ್ಷೆ ಇರಲಿಲ್ಲ.

ನಮ್ಮಲ್ಲಿಯೂ ಇಂಥದ್ದಿತ್ತೇ ಎಂದು ನೀವು ಕೇಳಬಹುದು. ಸುಶ್ರುತ ಸಂಹಿತೆ 107 ಮರ್ಮಗಳನ್ನು ಪಟ್ಟಿ ಮಾಡುತ್ತದೆ. ಆದರೆ ಅವು ಪೆಟ್ಟು ಬಿದ್ದರೆ ಪ್ರಾಣಕ್ಕೆ ಅಥವಾ ಅಂಗಕ್ಕೆ ಅಪಾಯವಾಗುವ ಜಾಗಗಳು. ಶಸ್ತ್ರವೈದ್ಯ ಎಚ್ಚರದಿಂದ ತಪ್ಪಿಸಬೇಕಾದವು. ಚೀನೀ ಬಿಂದು ಚುಚ್ಚಲೆಂದು ಇರುವಂಥದ್ದು, ಮರ್ಮ ಚುಚ್ಚಬಾರದೆಂದು ಇರುವಂಥದ್ದು. ಎರಡನ್ನೂ ಒಂದೇ ಎನ್ನುವುದು ಇತಿಹಾಸವಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ನೋವಿಗೆ ಬರೆ ಹಾಕುವುದು, ಕೊಂಬು ಹಚ್ಚಿ ರಕ್ತ ಎಳೆಯುವುದು ಇತ್ತು. ‘ಒಂದು ನೋವಿಗೆ ಇನ್ನೊಂದು ನೋವು ಮದ್ದು’ ಎಂಬ ಅನುಭವ ಮಾತ್ರ ಎಲ್ಲ ನಾಡಿನ ಜನರಿಗೂ ಸಮಾನವಾದದ್ದು. ಅದರಲ್ಲಿ ಸ್ವಲ್ಪ ವಿಜ್ಞಾನವೂ ಇದೆ, ಮುಂದೆ ನೋಡೋಣ.

ಚೀನಾದಲ್ಲೂ ಸೂಜಿಗೆ ಸದಾ ಗೌರವವಿರಲಿಲ್ಲ. 1822ರಲ್ಲಿ ಚಕ್ರವರ್ತಿ ದಾವೊಗ್ವಾಂಗ್ ಆಸ್ಥಾನದ ವೈದ್ಯಶಾಲೆಯಿಂದ ಅಕ್ಯುಪಂಕ್ಚರನ್ನೇ ತೆಗೆದುಹಾಕಿದ. 1929ರಲ್ಲಿ ದೇಶೀ ವೈದ್ಯವನ್ನೇ ರದ್ದುಮಾಡುವ ಪ್ರಸ್ತಾಪ ಬಂದಿತ್ತು. ಅದಕ್ಕೆ ಮರುಜೀವ ಸಿಕ್ಕಿದ್ದು 1949ರ ಕ್ರಾಂತಿಯ ನಂತರ. ಕೋಟ್ಯಂತರ ಜನರಿಗೆ ಸಾಲುವಷ್ಟು ಆಧುನಿಕ ವೈದ್ಯರಿಲ್ಲದ ದೇಶ ತನ್ನ ಹಳೆಯ ವೈದ್ಯರನ್ನು ಕರೆದು ಕೆಲಸಕ್ಕೆ ಹಚ್ಚಿತು.

ಸೊಲ್ಲಾಪುರದಿಂದ ಹೊರಟ ದಾರಿ

ಅಕ್ಯುಪಂಕ್ಚರ್ ಭಾರತಕ್ಕೆ ಬಂದ ದಾರಿ ಯುದ್ಧಭೂಮಿಯ ದಾರಿ. ಜಪಾನ್ ಚೀನಾದ ಮೇಲೆ ಆಕ್ರಮಣ ಮಾಡಿದಾಗ ಚೀನೀ ಸೇನಾನಿ ಜೂ ದೆ ವೈದ್ಯಕೀಯ ನೆರವು ಕೋರಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. ಸುಭಾಷಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದ 1938ರಲ್ಲಿ ಐವರು ವೈದ್ಯರ ತಂಡ ಹೊರಟಿತು. ಅಟಲ್, ಚೋಳ್ಕರ್, ಮುಖರ್ಜಿ, ಬಸು ಮತ್ತು ಕೋಟ್ನಿಸ್ ಆ ಐವರು.

ದ್ವಾರಕಾನಾಥ ಕೋಟ್ನಿಸ್ 1910ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ವಚನಕಾರ ಸಿದ್ಧರಾಮನ ಸೊನ್ನಲಿಗೆ ಎಂದರೆ ನಿಮಗೆ ಆ ಊರು ಹತ್ತಿರವೆನಿಸೀತು; ಇಂದಿಗೂ ಅಲ್ಲಿ ಮರಾಠಿಯ ಜೊತೆಗೆ ಕನ್ನಡ ಕೇಳಿಸುತ್ತದೆ. ಕೋಟ್ನಿಸ್ ಗಾಯಾಳು ಸೈನಿಕರಿಗೆ ಹಗಲಿರುಳು ಶಸ್ತ್ರಚಿಕಿತ್ಸೆ ಮಾಡುತ್ತಾ, ಅಲ್ಲಿಯೇ ಮದುವೆಯಾಗಿ, 1942ರ ಡಿಸೆಂಬರ್ 9ರಂದು ಚೀನಾದ ಮಣ್ಣಿನಲ್ಲೇ ತೀರಿಕೊಂಡರು. ವಯಸ್ಸು 32. ಅವರು ಶಸ್ತ್ರವೈದ್ಯರು, ಸೂಜಿವೈದ್ಯರಲ್ಲ. ಸೂಜಿಯನ್ನು ತಂದವರು ಅವರ ಸಂಗಡಿಗ ಬಿಜಯ್ ಕುಮಾರ್ ಬಸು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತ ಬಸು, ಕಲ್ಕತ್ತೆಗೆ ಮರಳಿ ಅದನ್ನು ಬಳಕೆಗೆ ತಂದರು. ಭಾರತದ ಅಕ್ಯುಪಂಕ್ಚರ್ ಸಂಸ್ಥೆಗಳಲ್ಲಿ ಕೋಟ್ನಿಸರ ಹೆಸರು ಕೇಳಿಬರುವುದಕ್ಕೆ ಕಾರಣ ಈ ಸ್ನೇಹ.

ಪಶ್ಚಿಮದ ದೇಶಗಳಿಗೆ ಇದು ಸುದ್ದಿಯಾದದ್ದು 1971ರಲ್ಲಿ. ಬೀಜಿಂಗ್‌ಗೆ ಹೋಗಿದ್ದ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಯಿತು. ಅರಿವಳಿಕೆಯಿಲ್ಲದೆ ಬರೀ ಸೂಜಿಯಿಂದ ಹೊಟ್ಟೆ ಕೊಯ್ದರೆಂದು ಇಂದಿಗೂ ಅನೇಕರು ಹೇಳುತ್ತಾರೆ. ಅದು ನಿಜವಲ್ಲ. ಶಸ್ತ್ರಚಿಕಿತ್ಸೆಗೆ ಎಲ್ಲರಿಗೂ ಕೊಡುವಂಥ ಅರಿವಳಿಕೆ ಮದ್ದನ್ನೇ ಚುಚ್ಚಿದ್ದರು. ಅನಂತರದ ಹೊಟ್ಟೆಯುಬ್ಬರಕ್ಕೆ ಮೊಣಕೈ ಮತ್ತು ಮೊಣಕಾಲುಗಳ ಬಳಿ ಮೂರು ಸೂಜಿ ಹಾಕಿದರು, ಉಪಶಮನವಾಯಿತು. ರೆಸ್ಟನ್ ಬರೆದದ್ದು ಇಷ್ಟೇ. ಕಥೆ ಬಾಯಿಂದ ಬಾಯಿಗೆ ದಾಟುವಾಗ ದೊಡ್ಡದಾಯಿತು.

ಚುಚ್ಚಿದಾಗ ಒಳಗೆ ಏನಾಗುತ್ತದೆ?

ಈಗ ವಿದ್ಯಾರ್ಥಿನಿಯ ಮೊದಲ ಪ್ರಶ್ನೆಗೆ ಬರೋಣ. ಇಂಜೆಕ್ಷನ್ ಸೂಜಿ ಟೊಳ್ಳು. ಅದರ ತುದಿ ಚರ್ಮವನ್ನು ಕತ್ತರಿಸಿಕೊಂಡು ಹೋಗುತ್ತದೆ. ಅಕ್ಯುಪಂಕ್ಚರ್ ಸೂಜಿ ಗಟ್ಟಿ ತಂತಿ. ದಪ್ಪ ಸುಮಾರು ಕಾಲು ಮಿಲಿಮೀಟರ್. ಆದ್ದರಿಂದ ಚುಚ್ಚುವಾಗ ಹೆಚ್ಚು ನೋವಿಲ್ಲ. ಸೂಜಿ ಸ್ನಾಯುವನ್ನು ತಲುಪಿ ತಿರುಗಿಸಿದಾಗ ಭಾರವಾದಂತೆ, ಜುಮ್ಮೆಂದಂತೆ ಅನ್ನಿಸುತ್ತದೆ. ಅಂದರೆ ಅಲ್ಲಿನ ನರತಂತುಗಳು ಎಚ್ಚೆತ್ತವು ಎಂದರ್ಥ.

ಮಂಡಿಗೆ ಪೆಟ್ಟು ಬಿದ್ದೊಡನೆ ನೀವು ಏನು ಮಾಡುತ್ತೀರಿ? ಅಂಗೈಯಿಂದ ಉಜ್ಜುತ್ತೀರಿ. ನೋವು ಸ್ವಲ್ಪ ತಗ್ಗುತ್ತದೆ. ಏಕೆ? 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಒಂದು ಸಿದ್ಧಾಂತ ಮಂಡಿಸಿದರು. ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದ್ದಂತೆ. ನೋವಿನ ಸಂದೇಶ ಅದನ್ನು ದಾಟಿ ಮಿದುಳಿಗೆ ಹೋಗಬೇಕು. ಸ್ಪರ್ಶ, ಒತ್ತಡಗಳ ಬೇರೆ ಸಂದೇಶಗಳು ಬಂದರೆ ಆ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ನೋವು ಗಾಯದಲ್ಲಿ ಮಾತ್ರ ಇರುವುದಿಲ್ಲ, ಅದನ್ನು ನರಮಂಡಲ ಹೆಚ್ಚಿಸಬಲ್ಲುದು, ತಗ್ಗಿಸಬಲ್ಲುದು ಎಂಬುದು ಇದರ ಸಾರ.

ಎರಡನೆಯದು ದೇಹದ ಸ್ವಂತ ಔಷಧಿ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ಅವರು ಮಿದುಳಿನಲ್ಲೇ ಅಫೀಮಿನಂತೆ ವರ್ತಿಸುವ ರಾಸಾಯನಿಕಗಳಿವೆ ಎಂದು ತೋರಿಸಿದರು. ಎಂಡಾರ್ಫಿನ್ ಎಂದು ನೀವು ಪಠ್ಯದಲ್ಲಿ ಓದುವುದು ಈ ಗುಂಪನ್ನೇ. ಅಷ್ಟರಲ್ಲೇ ಬೀಜಿಂಗ್‌ನ ಹಾನ್ ಜಿಶೆಂಗ್ ಒಂದು ಪ್ರಯೋಗ ಮಾಡಿದ್ದರು. ಸೂಜಿಯ ಚಿಕಿತ್ಸೆ ಪಡೆದ ಮೊಲದ ಮಿದುಳಿನ ಸುತ್ತಲಿನ ದ್ರವವನ್ನು ಇನ್ನೊಂದು ಮೊಲಕ್ಕೆ ಕೊಟ್ಟಾಗ, ಸೂಜಿಯನ್ನೇ ಕಾಣದ ಆ ಮೊಲಕ್ಕೂ ನೋವು ತಾಳುವ ಶಕ್ತಿ ಹೆಚ್ಚಿತು. 1976 ಮತ್ತು 1977ರಲ್ಲಿ ಕೆನಡಾದ ಪೊಮರಾನ್ಜ್, ಅಮೆರಿಕದ ಮೇಯರ್ ಮೊದಲಾದವರು ಮುಂದಿನ ಹೆಜ್ಜೆ ಇಟ್ಟರು. ಅಫೀಮಿನ ಪರಿಣಾಮವನ್ನು ತಡೆಯುವ ನಾಲಾಕ್ಸೋನ್ ಎಂಬ ಔಷಧಿಯನ್ನು ಕೊಟ್ಟರೆ ಸೂಜಿಯ ನೋವುಶಮನವೂ ಕುಗ್ಗುತ್ತದೆ ಎಂದು ಕಂಡರು. 2010ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದರಲ್ಲಿ ಚುಚ್ಚಿದ ಜಾಗದಲ್ಲೇ ಅಡೆನೊಸಿನ್ ಎಂಬ ನೋವುಶಾಮಕ ಬಿಡುಗಡೆಯಾಗುವುದು ಕಂಡಿತು. 2021ರಲ್ಲಿ ಮಾ ಚ್ಯೂಫು ಅವರ ತಂಡ ಇಲಿಯ ಹಿಂಗಾಲಿನ ಒಂದು ಬಗೆಯ ನರಕೋಶಗಳನ್ನು ವಿದ್ಯುತ್ ಸೂಜಿಯಿಂದ ಪ್ರಚೋದಿಸಿದರೆ ವೇಗಸ್ ನರದ ಮೂಲಕ ಉರಿಯೂತ ತಗ್ಗುತ್ತದೆಂದೂ, ಹೊಟ್ಟೆಯ ಮೇಲೆ ಚುಚ್ಚಿದರೆ ಹಾಗಾಗದೆಂದೂ ತೋರಿಸಿತು.

ಹೀಗೆ ಸೂಜಿ ಚುಚ್ಚಿದಾಗ ದೇಹದಲ್ಲಿ ಏನೋ ನಡೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಶರೀರವನ್ನು ಎಷ್ಟು ಬಿಡಿಸಿ ನೋಡಿದರೂ ‘ಚಿ’ ಹರಿಯುವ ಪ್ರತ್ಯೇಕ ನಾಳಗಳು ಸಿಕ್ಕಿಲ್ಲ. ಸಿಕ್ಕಿದ್ದು ನರ, ಸ್ನಾಯು ಮತ್ತು ರಾಸಾಯನಿಕಗಳು. ಹಳೆಯ ವಿವರಣೆ ತಪ್ಪಾದರೂ ಕ್ರಿಯೆಯಲ್ಲಿ ಸತ್ಯಾಂಶ ಇರಬಹುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಾಟಕದ ಚೂರಿಯಂಥ ಸೂಜಿ

ಆದರೆ ಇಲಿಯಲ್ಲಿ ರಾಸಾಯನಿಕ ಹೆಚ್ಚಿತೆಂದರೆ ಹೂ ಬಿಡಿಸುವ ತಾಯಿಯ ಸೊಂಟನೋವು ಹೋಯಿತೆಂದು ಅರ್ಥವಲ್ಲ. ಅದಕ್ಕೆ ಮನುಷ್ಯರ ಮೇಲೆ ಹೋಲಿಕೆಯ ಪರೀಕ್ಷೆ ಬೇಕು. ಮಾತ್ರೆಯ ಪರೀಕ್ಷೆ ಸುಲಭ. ಅರ್ಧ ಜನರಿಗೆ ನಿಜವಾದ ಮಾತ್ರೆ, ಅರ್ಧ ಜನರಿಗೆ ಅದರಂತೆಯೇ ಕಾಣುವ ಸಕ್ಕರೆ ಗುಳಿಗೆ. ಆದರೆ ಸುಳ್ಳು ಸೂಜಿ ಹೇಗೆ ಮಾಡುವುದು? 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಒಂದು ಉಪಾಯ ಕಂಡುಹಿಡಿದರು. ನಮ್ಮ ಕಂಪನಿ ನಾಟಕಗಳಲ್ಲಿ ಎದೆಗೆ ಚುಚ್ಚಿದ ಚೂರಿ ಹಿಡಿಯೊಳಗೇ ಸರಿದುಕೊಳ್ಳುವಂತೆ, ಚರ್ಮಕ್ಕೆ ತಾಗಿದ ಈ ಸೂಜಿ ತನ್ನ ಹಿಡಿಯೊಳಗೆ ಜಾರುತ್ತದೆ. ರೋಗಿಗೆ ಚುಚ್ಚಿದಂತೆಯೇ ಅನ್ನಿಸುತ್ತದೆ. ಇನ್ನು ಕೆಲವು ಪರೀಕ್ಷೆಗಳಲ್ಲಿ ಬಿಂದುವಲ್ಲದ ಜಾಗಕ್ಕೆ ಮೇಲುಮೇಲೆ ಚುಚ್ಚಿ ಹೋಲಿಸುತ್ತಾರೆ.

ಜರ್ಮನಿಯಲ್ಲಿ 2007ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನ ನಿಮಗೆ ತಿಳಿದಿರಲಿ. ದೀರ್ಘಕಾಲದ ಸೊಂಟನೋವಿನ 1162 ರೋಗಿಗಳನ್ನು ಚೀಟಿ ಎತ್ತುವಂತೆ ಮೂರು ಗುಂಪು ಮಾಡಿದರು. ಆರು ತಿಂಗಳ ಬಳಿಕ, ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇಕಡ 47.6 ಮಂದಿಗೆ ಗುಣ ಕಂಡಿತ್ತು. ಬಿಂದುವಲ್ಲದ ಕಡೆ ಚುಚ್ಚಿಸಿಕೊಂಡವರಲ್ಲಿ ಶೇಕಡ 44.2. ಔಷಧಿ, ವ್ಯಾಯಾಮಗಳ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇಕಡ 27.4.

ಈ ಮೂರು ಅಂಕಿಗಳನ್ನು ನಿಧಾನವಾಗಿ ಓದಿ. ಸೂಜಿಯ ಪಕ್ಷದವರು ಮೊದಲನೆಯದನ್ನೂ ಮೂರನೆಯದನ್ನೂ ತೋರಿಸಿ ‘ನೋಡಿ, ಎಷ್ಟು ಮೇಲು’ ಎನ್ನುತ್ತಾರೆ. ವಿರೋಧಿಗಳು ಮೊದಲನೆಯದನ್ನೂ ಎರಡನೆಯದನ್ನೂ ತೋರಿಸಿ ‘ನೋಡಿ, ಎಲ್ಲಿ ಚುಚ್ಚಿದರೂ ಒಂದೇ’ ಎನ್ನುತ್ತಾರೆ. ಇಬ್ಬರೂ ಹೇಳುವುದು ಅದೇ ಕೋಷ್ಟಕದಿಂದ. 2018ರಲ್ಲಿ ವಿಕರ್ಸ್ ಮತ್ತು ಸಂಗಡಿಗರು 39 ಅಧ್ಯಯನಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ ಬಂದ ತೀರ್ಮಾನ ಇದರ ಸಮೀಪದ್ದೇ. ದೀರ್ಘಕಾಲದ ನೋವಿನಲ್ಲಿ ಸೂಜಿ ಸುಳ್ಳುಸೂಜಿಗಿಂತ ಮೇಲು, ಆದರೆ ಅಂತರ ಚಿಕ್ಕದು. ಏನೂ ಸೂಜಿ ಹಾಕದ ಗುಂಪಿಗೆ ಹೋಲಿಸಿದರೆ ಅಂತರ ದೊಡ್ಡದು.

ಉಳಿದ ಗುಣ ಎಲ್ಲಿಂದ ಬಂತು? ಚರ್ಮಕ್ಕೆ ತಾಗಿದ ಯಾವುದೇ ಮೊನೆಯಿಂದ ಸ್ವಲ್ಪ. ಮಲಗಿ ವಿಶ್ರಾಂತಿ ಪಡೆದದ್ದರಿಂದ, ಒಬ್ಬರು ಕುಳಿತು ತನ್ನ ನೋವಿನ ಕಥೆ ಕೇಳಿದ್ದರಿಂದ, ಗುಣವಾಗುತ್ತದೆಂಬ ನಿರೀಕ್ಷೆಯಿಂದ ಸ್ವಲ್ಪ. ಇದನ್ನು ಪ್ಲಸೀಬೊ ಎಂದು ಕರೆದು ತಳ್ಳಿಹಾಕುವ ಮುನ್ನ ಇನ್ನೊಂದು ಸಂಗತಿ ಕೇಳಿ. ಹಲ್ಲು ಕೀಳಿಸಿಕೊಂಡವರ ಮೇಲೆ 1978ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಸುಳ್ಳು ಔಷಧಿಯಿಂದ ಆದ ನೋವುಶಮನವನ್ನೂ ಅದೇ ನಾಲಾಕ್ಸೋನ್ ಕುಗ್ಗಿಸಿತು. ಅಂದರೆ ನಿರೀಕ್ಷೆಯೂ ದೇಹದಲ್ಲಿ ರಾಸಾಯನಿಕವಾಗಿಯೇ ಕೆಲಸ ಮಾಡುತ್ತದೆ. ತನ್ನ ಸೊಂಟನೋವನ್ನು ವರ್ಷಗಳಿಂದ ಯಾರೂ ಕೇಳದ ಕೂಲಿಯ ಹೆಂಗಸಿಗೆ ಅರ್ಧ ಗಂಟೆ ಕೇಳುವ ಕಿವಿ ಸಿಕ್ಕಿತೆಂದರೆ ಅದೂ ಒಂದು ಚಿಕಿತ್ಸೆಯೇ.

ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ

ಅಕ್ಯುಪಂಕ್ಚರ್ ಕೇಂದ್ರಗಳ ಫಲಕಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಉದ್ದನೆಯ ರೋಗಪಟ್ಟಿ ಕಾಣಬಹುದು. 1979ರ ಆ ಪಟ್ಟಿ ಹೆಚ್ಚಾಗಿ ಚಿಕಿತ್ಸಕರ ಅನುಭವದ ಮೇಲೆ ನಿಂತದ್ದು, ಹೋಲಿಕೆಯ ಪರೀಕ್ಷೆಗಳ ಮೇಲಲ್ಲ. ಇಂದು ಪರೀಕ್ಷೆಗಳ ಬೆಂಬಲ ಇರುವುದು ಮುಖ್ಯವಾಗಿ ನೋವಿಗೆ: ದೀರ್ಘಕಾಲದ ಬೆನ್ನು, ಕತ್ತು, ಮಂಡಿ ನೋವುಗಳು ಮತ್ತು ಪದೇ ಪದೇ ಬರುವ ತಲೆನೋವು. ಶಸ್ತ್ರಚಿಕಿತ್ಸೆಯ ನಂತರದ ಓಕರಿಕೆಗೆ ಮಣಿಕಟ್ಟಿನ ಒಳಬದಿಯಲ್ಲಿ ಮೂರು ಬೆರಳು ಮೇಲಿರುವ ಬಿಂದುವನ್ನು ಪ್ರಚೋದಿಸುವುದಕ್ಕೂ ಬೆಂಬಲವಿದೆ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವಾಗ ಘಟ್ಟದ ತಿರುವುಗಳಲ್ಲಿ ಕೆಲವರು ಅದೇ ಬಿಂದುವನ್ನು ಒತ್ತಿಕೊಳ್ಳುವುದನ್ನು ನೀವು ನೋಡಿರಬಹುದು. ಪ್ರಯಾಣದ ವಾಂತಿಗೆ ಪುರಾವೆ ಅಷ್ಟು ಗಟ್ಟಿಯಲ್ಲ, ಆದರೆ ಒತ್ತಿದರೆ ನಷ್ಟವೂ ಇಲ್ಲ. ತಜ್ಞರಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡವೆಂದಿತು. 2021ರಲ್ಲಿ ಬೇರೆ ಬಗೆಯ ದೀರ್ಘಕಾಲದ ನೋವಿಗೆ ಪರಿಗಣಿಸಬಹುದೆಂದಿತು. ಭಾರತದಲ್ಲಿ 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದಕ್ಕೆ ಚಿಕಿತ್ಸಾ ಪದ್ಧತಿಯಾಗಿ ಮಾನ್ಯತೆ ಕೊಟ್ಟಿತು. ಮಾನ್ಯತೆ ಎಂದರೆ ಎಲ್ಲ ರೋಗಕ್ಕೂ ಮದ್ದೆಂದು ಅರ್ಥವಲ್ಲ.

ಯಾವುದಕ್ಕೆ ಇಲ್ಲ ಎಂಬುದು ನಮ್ಮ ಜಿಲ್ಲೆಯಲ್ಲಿ ಇನ್ನೂ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿ ಮಗು ನೋವಿನಿಂದ ಚೀರುವ ರೋಗ ಅದು. ಯಾವ ಸೂಜಿಯ ಬಿಂದುವೂ ಆ ಕಣದ ಆಕಾರವನ್ನು ನೇರ ಮಾಡಲಾರದು. ಆ ಮಗುವಿಗೆ ರಕ್ತಪರೀಕ್ಷೆ ಬೇಕು, ಆಸ್ಪತ್ರೆ ಬೇಕು. ಹೊಲದಲ್ಲಿ ಹಾವು ಕಡಿದವನಿಗೆ ಬೇಕಾದದ್ದು ವಿಷನಿರೋಧಕದ ಇಂಜೆಕ್ಷನ್, ಅದೂ ತಡಮಾಡದೆ. ಮಧುಮೇಹದ ಇನ್ಸುಲಿನ್, ಕ್ಷಯದ ಮಾತ್ರೆ, ಕ್ಯಾನ್ಸರಿನ ಚಿಕಿತ್ಸೆಗಳನ್ನು ನಿಲ್ಲಿಸಿ ಸೂಜಿಗೆ ಹೋಗಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹಾಗೆಯೇ ಒಮ್ಮೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆಯಂಥ ರೋಗ ಹರಡುತ್ತದೆ. ಎದೆಯ ಮೇಲೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬಿದ್ದೀತು. ಮುಚ್ಚಿದ ಪೊಟ್ಟಣವನ್ನು ನಿಮ್ಮ ಎದುರಿಗೇ ಒಡೆದು ತೆಗೆದ ಸೂಜಿಯನ್ನಷ್ಟೇ ಒಪ್ಪಿಕೊಳ್ಳಿ.

ಈಗ ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ತಾಯಿಯನ್ನು ಮೊದಲು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಮ್ಮ. ಕಾಲು ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಅವರು ನೋಡಲಿ. ಇಲ್ಲವೆಂದಾದರೆ ವ್ಯಾಯಾಮ ಕಲಿಸಲಿ. ಅದರ ಜೊತೆಗೆ ತರಬೇತಿ ಪಡೆದವರಲ್ಲಿ, ಶುದ್ಧ ಸೂಜಿಯಿಂದ, ಕೈಗೆಟಕುವ ಖರ್ಚಿನಲ್ಲಿ ಆರೆಂಟು ಸಲ ಚುಚ್ಚಿಸಿ ನೋಡಬಹುದು. ಗುಣ ಕಂಡರೆ ಸಂತೋಷ. ಕಾಣದಿದ್ದರೆ ಸಾಲ ಮಾಡಿ ಮುಂದುವರಿಸಬೇಡ. ಆದರೆ ಮರುದಿನ ಬೆಳಗಿನಿಂದ ಸಂಜೆವರೆಗೆ ಮತ್ತೆ ಬಗ್ಗಿಯೇ ದುಡಿಯಬೇಕಾದ ಬೆನ್ನಿಗೆ ಯಾವ ಸೂಜಿಯೂ ಪೂರ್ತಿ ಉತ್ತರವಾಗದು. ನಡುವೆ ವಿಶ್ರಾಂತಿಯೂ ಬೇಕು, ಮನೆಯ ಕೆಲಸದಲ್ಲಿ ನಿನ್ನ ಕೈಯೂ ಬೇಕು.

ಕೊನೆಯದಾಗಿ, ಓದುಗ ಮಿತ್ರರೇ, ನಿಮಗೊಂದು ಕೆಲಸ. ನಿಮ್ಮ ಮನೆಯ ಹಿರಿಯರ ತೋಳನ್ನು ನೋಡಿ. ನಾಣ್ಯದಗಲದ ಹಳೆಯ ಕಲೆಯೊಂದು ಕಾಣಬಹುದು. ಅದು ಹೇಗಾಯಿತೆಂದು ಕೇಳಿ. ಶಾಲೆಗೆ ಬಂದು ದೇವಿ ಹಾಕಿದರು ಎಂದು ಅವರಲ್ಲಿ ಯಾರಾದರೂ ಹೇಳಿಯಾರು. ಕೊನೆಯ ವರ್ಷಗಳಲ್ಲಿ ಎರಡು ಮೊನೆಯ ಪುಟ್ಟ ಸೂಜಿಯಿಂದ 15 ಬಾರಿ ಚುಚ್ಚಿ ಹಾಕುತ್ತಿದ್ದ ಆ ಲಸಿಕೆಯಿಂದಾಗಿ 1975ರಲ್ಲಿ ಭಾರತದಿಂದಲೂ, 1977ರಲ್ಲಿ ಜಗತ್ತಿನಿಂದಲೂ ಸಿಡುಬು ಮರೆಯಾಯಿತು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಘೋಷಿಸಿತು. ಅರಿಕುಠಾರದ ಚಾಮರಾಜರನ್ನು 22ನೆಯ ವಯಸ್ಸಿಗೆ ಒಯ್ದ ರೋಗ ಇಂದು ಯಾವ ಮಗುವಿಗೂ ಬರುವುದಿಲ್ಲ.

ಆ ಸೂಜಿಯನ್ನು ಗೌರವಿಸುವುದು ಅದು ಪಶ್ಚಿಮದಿಂದ ಬಂದದ್ದೆಂದಲ್ಲ. ಈ ಸೂಜಿಯನ್ನು ತಳ್ಳಿಹಾಕಬೇಕಾದದ್ದು ಅದು ಪೂರ್ವದ್ದೆಂದೂ ಅಲ್ಲ. ಹಳೆಯದೆಂದು ಪೂಜಿಸಬೇಕಾದದ್ದೂ ಇಲ್ಲ. ಯಾವ ಮೊನೆ ನಿಮ್ಮ ಚರ್ಮದ ಹತ್ತಿರ ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ. ಯಾವುದಕ್ಕೆ, ಯಾವುದರೊಡನೆ ಹೋಲಿಸಿ, ಎಷ್ಟು ಜನರಲ್ಲಿ ನೋಡಿದ್ದೀರಿ? ಗುಂಡ್ಲುಪೇಟೆಯ ಆ ವಿದ್ಯಾರ್ಥಿನಿಯಂತೆ ಎದ್ದು ನಿಂತು ಕೇಳಿ. ಸಮಯ ಮುಗಿಯಿತೆಂದು ಯಾರಾದರೂ ಹೇಳಿದರೂ, ಕೇಳುವುದನ್ನು ಬಿಡಬೇಡಿ.